ದೊಡ್ಡ ಕೌನ್ಸಿಲ್ಲಿಗೆ ಅಡಿವೆಪ್ಪನ ಅರ್ಜಿ

ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಕನ್ನಡಿಗರು ಅವನನ್ನು ಕೌನ್ಸಿಲ್ ಅಡಿವೆಪ್ಪ ಎಂದು ಕರೆದದ್ದು ಕುಚೋದ್ಯಕ್ಕೆ. ಅವನು ಅದನ್ನು ಬಿರುದೆಂದೇ ತಿಳಿದು ಮೆರೆದ. ಧಾರವಾಡದ ಈ ವೀರ ಹಗಲೆಲ್ಲ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಟ್ರಾಲಿಗಳನ್ನು ನೂಕುತ್ತಿದ್ದ. ಸಂಜೆ ಪೆನ್ನು ಝಳಪಿಸಿ ಕೌನ್ಸಿಲ್ಲಿನ ಮೇಲೆ, ಅಂದರೆ ಅಲ್ಲಿನ ಪುರಸಭೆಯ ಮೇಲೆ, ದಂಡೆತ್ತುತ್ತಿದ್ದ. ಕಸ ಎತ್ತಲಿಲ್ಲವೇ? ಅರ್ಜಿ. ಫ್ಲಾಟಿನ ಲಿಫ್ಟು ನಡುವೆ ನಿಂತಿತೇ? ಅರ್ಜಿ, ನಕಲು ಪ್ರತಿ ಸಮೇತ. ಹನ್ನೊಂದು ವರ್ಷಗಳ ದಂಡಯಾತ್ರೆಯಲ್ಲಿ ಎರಡು ಬೀದಿದೀಪ, ಒಂದು ಬೆಂಚು ಗೆದ್ದಿದ್ದ. ಭಾನುವಾರ ಆ ಬೆಂಚಿನ ಮೇಲೆ ಸಾಮ್ರಾಟನಂತೆ ಕೂರುತ್ತಿದ್ದ.

2001ರ ಏಪ್ರಿಲ್ಲಿನಲ್ಲಿ ಯುದ್ಧ ಮನೆಯೊಳಗೇ ಬಂತು. ಹೆಂಡತಿ ಶಿವಕ್ಕ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಅಲ್ಲಿಗೆ ಹೊಸ ಮ್ಯಾನೇಜರ್ ಬಂದ, ಜೊತೆಗೆ ಹೊಸ ನಿಯಮ ತಂದ: ಮೈಮೇಲೆ ಒಡವೆ ಇರಕೂಡದು. ಶಿವಕ್ಕನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲಿಂಗಾಯತರಲ್ಲಿ ಒಮ್ಮೆ ಕಟ್ಟಿದ ಲಿಂಗ ಉಸಿರಿರುವ ತನಕ ಮೈ ಬಿಡುವಂತಿಲ್ಲ. ಇದು ಒಡವೆಯಲ್ಲ, ದೇವರು ಎಂದಳು. ಹಾಗಾದರೆ ದೇವರನ್ನು ಲಾಕರಿನಲ್ಲಿಡಿ, ಕೀಲಿ ನಿಮ್ಮ ಹತ್ತಿರವೇ ಇರಲಿ ಎಂದು ಮ್ಯಾನೇಜರ್ ಬಹಳ ಸೌಜನ್ಯದಿಂದ ಹೇಳಿದ. ಜೂನ್ ಮುಗಿಯುವುದರೊಳಗೆ ಲಿಂಗ ಇಳಿಯಬೇಕು, ಇಲ್ಲವೇ ಶಿವಕ್ಕ ಕೆಲಸ ಬಿಡಬೇಕು. ಅವತ್ತು ಅವಳು ರೊಟ್ಟಿ ಬಡಿದ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು, ಎಲ್ಲ ಕ್ಷೇಮವೇ ಎಂದು ವಿಚಾರಿಸಿ ಹೋದರು.

ಅಡಿವೆಪ್ಪ ದಿಕ್ಕು ತೋಚದೆ ಕೂತಿದ್ದಾಗ ಮಗಳು ಪ್ರಿಯಾಂಕಾಳ ಕಾಲೇಜು ಪುಸ್ತಕದಲ್ಲಿ ಮೂರು ಪದ ಕಣ್ಣಿಗೆ ಬಿದ್ದವು: ಕೌನ್ಸಿಲ್ ಆಫ್ ಯುರೋಪ್. ಅವನಿಗೆ ಜ್ಞಾನೋದಯವಾಯಿತು. ಗ್ರಾಮ ಪಂಚಾಯ್ತಿಯ ಮೇಲೆ ತಾಲೂಕು ಪಂಚಾಯ್ತಿ, ಅದರ ಮೇಲೆ ಜಿಲ್ಲಾ ಪಂಚಾಯ್ತಿ. ನಮ್ಮ ಕೌನ್ಸಿಲ್ಲಿನ ಮೇಲೂ ಒಂದು ದೊಡ್ಡ ಕೌನ್ಸಿಲ್ ಇರಲೇಬೇಕಲ್ಲ!

ಮಗಳು ಇಂಗ್ಲಿಷಿನಲ್ಲಿ ತಿದ್ದಿದಳು. ಇದು ಕಸ ಎತ್ತುವ ಕೌನ್ಸಿಲ್ ಅಲ್ಲ; ಮಹಾಯುದ್ಧದ ಹೆಣಗಳನ್ನು ನೋಡಿದ ಮೇಲೆ ದೇಶಗಳು ಕೂಡಿ ಕಟ್ಟಿದ್ದು. ಮನುಷ್ಯನ ನಂಬಿಕೆ, ಮಾತು, ಮತ ಇವನ್ನು ಯಾವ ಸರ್ಕಾರವೂ ತುಳಿಯಬಾರದೆಂದು ಅವು ಸಹಿ ಹಾಕಿವೆ. ತುಳಿದರೆ ಕೇಳಲು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಕೋರ್ಟಿದೆ, ಸಾಮಾನ್ಯನೂ ಅಲ್ಲಿಗೆ ದೂರು ಬರೆಯಬಹುದು. ಇಷ್ಟರಲ್ಲಿ ಅಡಿವೆಪ್ಪನ ಕಿವಿಗೆ ಬಿದ್ದದ್ದು ವಿಳಾಸ ಮಾತ್ರ.

ನಾಲ್ಕು ಪುಟದ ಅರ್ಜಿ ಹೊರಟಿತು. ಮೂರೂವರೆ ಪುಟ ಲಿಂಗದ ವಿಷಯ. ಕೊನೆಯ ಅರ್ಧ, ರೂಢಿಬಲದಿಂದ, ಲಿಫ್ಟಿನ ವಿಷಯ.

ಏಳು ವಾರಕ್ಕೆ ಉತ್ತರ ಬಂತು. ಮೊದಲು ನಿಮ್ಮ ದೇಶದ ಬಾಗಿಲುಗಳನ್ನೆಲ್ಲ ತಟ್ಟಿ ಮುಗಿಸಿ, ಆಮೇಲಷ್ಟೇ ಇಲ್ಲಿಗೆ ಬರಬಹುದು; ಕಳೆದ ಅಕ್ಟೋಬರಿನಿಂದ ಈ ಹಕ್ಕುಗಳನ್ನು ಬ್ರಿಟನ್ನಿನ ಕೋರ್ಟುಗಳಲ್ಲೇ ಕೇಳಬಹುದು. ಲಿಫ್ಟಿನ ಬಗ್ಗೆ ಚಕಾರವಿಲ್ಲ.

ಸಾಮ್ರಾಟ ಬೆಂಚಿನ ಮೇಲೆ ಕುಸಿದ. "ಜಿಲ್ಲಾ ಪಂಚಾಯ್ತಿಗೆ ಹೋದ್ರ, ಹೊಳ್ಳಿ ಊರ ಪಂಚಾಯ್ತಿಗೆ ಹೋಗು ಅಂತಾರ."

ಶಿವಕ್ಕ ಕಾಗದವನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿದಳು. "ಇಲ್ಲ ಅಂತ ಎಲ್ಲಿ ಬರದಾರ್ರೀ? ಅಲ್ಲೇ ಕೇಳ್ರಿ, ಅವರು ಕೇಳದಿದ್ರ ನಾವದೀವಿ ಅಂದಾರ. ತವರುಮನಿಯವರು ಇದಕ್ಕಿಂತ ಹೆಚ್ಚಿಗಿ ಏನ್ ಹೇಳ್ತಾರ?"

ಮರುದಿನವೇ ಆ ಕಾಗದವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟಳು. ಬಾಯಿ ತೆರೆಯಕೂಡದೆಂಬ ಕರಾರಿನ ಮೇಲೆ ಅಡಿವೆಪ್ಪನೂ ಇಸ್ತ್ರಿ ಕೋಟು ತೊಟ್ಟು ಪಕ್ಕದಲ್ಲಿ ಕೂತಿದ್ದ. ಮ್ಯಾನೇಜರ್ ಓದಿದ, ಯಾರಿಗೋ ಫೋನ್ ಮಾಡಿದ, ಮತ್ತೆ ಓದಿದ. ತನಗಿರುವ ಹೆದರಿಕೆ ಊಟದಲ್ಲಿ ಲೋಹದ ಚೂರು ಬಿದ್ದೀತೆಂಬುದಷ್ಟೇ ಎಂದ. ಆಮೇಲೆ, ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ, ನೀವೇ ಹೇಳಿ, ಏನು ಮಾಡೋಣ ಎಂದು ಕೇಳಿದ.

ಶಿವಕ್ಕ ಕೈಚೀಲದಿಂದ ಬಿಳಿ ಬಟ್ಟೆಯ ಪುಟ್ಟ ಚೀಲವೊಂದನ್ನು ತೆಗೆದಳು. ಬೆಳ್ಳಿ ಮನೆಯಲ್ಲಿರಲಿ, ಲಿಂಗ ಇದರೊಳಗೆ, ಗಂಟು ಬಿಗಿದು, ಮೇಲಂಗಿಯ ಅಡಿಯಲ್ಲಿ. ಮ್ಯಾನೇಜರ್ ಗಂಟನ್ನು ಎಳೆದು ನೋಡಿ, ಒಪ್ಪಿಗೆ ಬರೆದುಕೊಟ್ಟ.

ಮನೆಗೆ ಬಂದಾಗ ಲಿಫ್ಟು ಎಂದಿನಂತೆ ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತ ಅಡಿವೆಪ್ಪ, ಆ ಚೀಲ ಯಾವಾಗ ಹೊಲಿದದ್ದೆಂದು ಕೇಳಿದ. ನಿಯಮ ಬಂದ ದಿನವೇ ಅಂತೆ.

"ಮತ್ತ ಅವತ್ತ ಯಾಕ ತೋರಸ್ಲಿಲ್ಲ?"

"ಅವತ್ತ ಯಾರ್ ಕೇಳಿದ್ರು?"

ಅಡಿವೆಪ್ಪ ಇನ್ನೆರಡು ಮೆಟ್ಟಿಲು ಹತ್ತಿ ಕೋಟಿನ ಗುಂಡಿ ಬಿಚ್ಚಿದ. ಮೂರನೆಯದರಲ್ಲಿ, ಕೇಳುವಂತೆ ಮಾಡಿದ ದೊಡ್ಡ ಕೌನ್ಸಿಲ್ಲಿಗೆ ಇವತ್ತೇ ಒಂದು ಧನ್ಯವಾದದ ಪತ್ರ ಹೋಗಬೇಕೆಂದು ಘೋಷಿಸಿದ.

"ಬರೀರಿ," ಎಂದಳು ಹಿಂದಿನಿಂದ ಶಿವಕ್ಕ, "ಲಿಫ್ಟಿನ ಸುದ್ದಿ ಮಾತ್ರ ಬ್ಯಾಡ."