ಗೃಹಪ್ರವೇಶದ ಪತ್ರಿಕೆಯಲ್ಲಿ ನಾನು ಒತ್ತಿದ ಡಿಲೀಟ್

ಸ್ನೇಹಿತರೇ, ಇಂದು ಬೆಳಿಗ್ಗೆ ಕಡೂರಿನ ಡಿಟಿಪಿ ಅಂಗಡಿಯೊಂದರಲ್ಲಿ ನನ್ನ ಕೈಯಿಂದಲೇ ನಮ್ಮ ಚಿಕ್ಕಪ್ಪ ಹತ್ತು ನಿಮಿಷದ ಮಟ್ಟಿಗೆ ಲಿಂಗೈಕ್ಯರಾದರು.

ಅವರ ಹೊಸ ಮನೆಯ ಗೃಹಪ್ರವೇಶದ ಪತ್ರಿಕೆ ಮಾಡಿಸಲು ಹೋಗಿದ್ದೆವು. ನೆಂಟರ ಹೆಸರುಗಳನ್ನೆಲ್ಲ ಮತ್ತೆ ಟೈಪ್ ಮಾಡಿಸುವುದೇಕೆಂದು ಚಿಕ್ಕಪ್ಪ, ಅಜ್ಜ ತೀರಿಕೊಂಡಾಗ ಮಾಡಿಸಿದ್ದ ಶಿವಗಣಾರಾಧನೆ ಪತ್ರಿಕೆಯ ಫೈಲಿನಲ್ಲೇ ಮೇಲುಗಡೆ ಹೊಸದನ್ನು ಹಾಕಿಸಿದ್ದರು. ಎರಡರ ನಡುವೆ ಒಂದು ಖಾಲಿ ಪುಟ ಉಳಿದಿತ್ತು.

“ಲೇ, ಕಂಪ್ಯೂಟರ್ ಓದ್ದೋನು ನೀನು, ಆ ಖಾಲಿ ಪುಟ ತೆಗಿಯೋ.”

ನೋಡಿದರೆ ಎರಡೂ ಪತ್ರಿಕೆಗಳನ್ನು ಬೇರ್ಪಡಿಸುವ ಸೆಕ್ಷನ್ ಬ್ರೇಕ್ ಎಂಬ ಗುರುತೊಂದು ಅಲ್ಲಿ ಕೂತಿತ್ತು. ಮಹಾಪಂಡಿತನ ಗಾಂಭೀರ್ಯದಿಂದ ಡಿಲೀಟ್ ಒತ್ತಿದೆ. ಪುಟ ಮಾಯವಾಯಿತು. ಬ್ರೇಕ್ ಹೋದರೆ ಕೆಳಗಿನ ಪತ್ರಿಕೆಯ ತಲೆಬರಹ ಮೇಲಿನದಕ್ಕೂ ಹತ್ತಿಕೊಳ್ಳುತ್ತದೆಂದು ಯಾವ ಗುರುವೂ ನನಗೆ ಹೇಳಿರಲಿಲ್ಲ. ಅಂಗಡಿಯವ ತೆಗೆದುಕೊಟ್ಟ ಮೊದಲ ಪ್ರಿಂಟಿನ ಫೋಟೊವನ್ನು ಚಿಕ್ಕಪ್ಪ ಕನ್ನಡಕವಿಲ್ಲದೆ ತೆಗೆದು ಮನೆಯವರ ಗ್ರೂಪಿಗೆ ಕಳಿಸಿಯೇಬಿಟ್ಟರು. ಮೇಲೆ ದಪ್ಪಕ್ಷರದಲ್ಲಿ ‘ಶಿವಗಣಾರಾಧನೆ’, ಕೆಳಗೆ ಅವರದೇ ಹೆಸರು!

ಎರಡೇ ನಿಮಿಷಕ್ಕೆ ಬೀರೂರಿನ ಅತ್ತೆ ಅಳುತ್ತಾ ನನಗೆ ಫೋನ್ ಮಾಡಿದರು. “ಅಯ್ಯೋ, ನನ್ ತಮ್ಮ ಯಾವಾಗ ಹೋದ್ನೋ? ನಿನ್ನೆ ಮಾತಾಡಿದ್ನಲ್ಲೋ!”

ಚಿಕ್ಕಪ್ಪ ಫೋನ್ ಕಿತ್ತುಕೊಂಡರು. “ಅಕ್ಕಾ, ನಾನು ಹೋಗ್ತಿರೋದು ಹೊಸ ಮನೆಗೆ ಕಣಕ್ಕ, ಕೈಲಾಸಕ್ಕಲ್ಲ!”

ನಾನು ಅಪರಾಧಿಯಂತೆ ಅನ್‌ಡೂ ಒತ್ತಿದೆ. ಬ್ರೇಕ್ ಜೊತೆ ಖಾಲಿ ಪುಟವೂ ವಾಪಸ್ ಬಂತು. ಅದನ್ನು ಬೇರೆ ದಾರಿಯಲ್ಲಿ ತೆಗೆಯಲು ಹೊರಟರೆ ಚಿಕ್ಕಪ್ಪ ನನ್ನ ಕೈ ಹಿಡಿದುಕೊಂಡರು. “ಮುಟ್ಬೇಡ ಕಣೋ. ಅದಕ್ಕೂ ಇದಕ್ಕೂ ಮಧ್ಯ ಒಂದು ಪುಟನಾದ್ರೂ ದೂರ ಇರ್ಲಿ.”

ಆದ್ದರಿಂದ ಬಂಧುಮಿತ್ರರಲ್ಲಿ ಸವಿನಯ ವಿನಂತಿ: ಗೃಹಪ್ರವೇಶಕ್ಕೆ ಎಲ್ಲರೂ ಬನ್ನಿ. ಯಜಮಾನರು ಖುದ್ದಾಗಿ ಹಾಜರಿರುತ್ತಾರೆ.