ಧನುರ್ಮಾಸದ ಸ್ಟಾರ್

ನಾನು ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್‌ಮನೆಗಳಲ್ಲಿ ಬೆಳೆದವಳು. ಡಿಸೆಂಬರ್ ಬಂತೆಂದರೆ ನಮ್ಮ ಸಾಲಿನ ಬಾಗಿಲುಗಳ ಮೇಲೆಲ್ಲ ಕಾಗದದ ಸ್ಟಾರ್, ಅದರೊಳಗೊಂದು ಬಲ್ಬು. ಸಾವಾದ ಮನೆಯವರು ಮಾತ್ರ ಆ ವರ್ಷ ಕಟ್ಟುತ್ತಿರಲಿಲ್ಲ. ಹಾಗಾಗಿ ಸ್ಟಾರ್ ಇಲ್ಲದ ಕ್ರಿಸ್ಮಸ್ ಎಂದರೆ ನನ್ನ ಪಾಲಿಗೆ ಸೂತಕವೇ.

ಮದುವೆಯಾಗಿ ಬಂದದ್ದು ಬಂಗಾರಪೇಟೆ ಪಕ್ಕದ ಹಳ್ಳಿಯ ಹಿಂದೂ ಮನೆಗೆ. ಹೊಲ, ಸೀಮೆಹಸು, ಎರಡು ಹೊತ್ತು ಡೈರಿಗೆ ಹಾಲು. ನನ್ನ ಪ್ರಾರ್ಥನೆಗೆ ಯಾರೂ ಅಡ್ಡಿ ಮಾಡಲಿಲ್ಲ. ಅತ್ತೆ ನಸುಕಿನಲ್ಲೇ ಧನುರ್ಮಾಸದ ಪೂಜೆ ಮುಗಿಸಿ ಬಿಸಿ ಪೊಂಗಲ್ ಕೊಟ್ಟರೆ ನಾನೂ ಬಾಯಿ ಚಪ್ಪರಿಸಿ ತಿನ್ನುತ್ತಿದ್ದೆ. ತಕರಾರು ಬಂದದ್ದು ನಾನು ಪೇಟೆಯಿಂದ ಸ್ಟಾರ್ ತಂದ ದಿನ.

"ಈಗ ಬ್ಯಾಡ ಕಣಮ್ಮ. ಧನುರ್ಮಾಸದಾಗೆ ಒಸದೇನೂ ಸುರು ಮಾಡಬಾರ್ದು" ಎಂದರು ಅತ್ತೆ.

ನನಗೋ ಮೂಗಿನ ತುದಿಯಲ್ಲೇ ಕೋಪ. "ಕ್ರಿಸ್ಮಸ್ ಯಾವಾಗ್ಲೂ ಧನುರ್ಮಾಸದಲ್ಲೇ ಬರೋದು ಅತ್ತೆ! ಹಂಗಾದ್ರೆ ಈ ಜನ್ಮದಲ್ಲಿ ನಾನು ಕಟ್ಟಂಗಿಲ್ವಾ?"

ಅವರು ಹಸುವಿಗೆ ಹುಲ್ಲು ಹಾಕಲು ಹೋದರು.

ನಾನು ಬಿಡುವವಳಲ್ಲ. ಸಂಜೆ ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಪಕ್ಕದಲ್ಲಿ ಕೂತೆ. ಲೋಕವೆಲ್ಲ ಹಬ್ಬ ಮಾಡುವುದನ್ನು ನೋಡಿಯಾದರೂ ಮನಸ್ಸು ಕರಗಲಿ ಅಂತ. ಆಸ್ಟ್ರೇಲಿಯಾದವರು ಸುಡುಬಿಸಿಲಲ್ಲಿ ಸಮುದ್ರದ ದಂಡೆಯಲ್ಲಿ ಕ್ರಿಸ್ಮಸ್ ಮಾಡುತ್ತಿದ್ದರು. ಸ್ಪೇನಿನವರು ಹೊಸ ವರ್ಷಕ್ಕೆ ಗಂಟೆ ಬಾರಿಸಿದಂತೆಲ್ಲ ಒಂದೊಂದೇ ದ್ರಾಕ್ಷಿ ನುಂಗುತ್ತಿದ್ದರು. "ಗಂಟಲಿಗೆ ಸಿಕ್ಕಾಕ್ಕಂಡ್ರೆ ಏನ್ ಗತಿ!" ಎಂದು ಅತ್ತೆ ನಕ್ಕರು. ಅದೇ ಉಮೇದಿನಲ್ಲಿ ನಾನು, ರಷ್ಯಾದವರದ್ದು ಜನವರಿ ಏಳಕ್ಕೆ ಕ್ರಿಸ್ಮಸ್ ಎಂದುಬಿಟ್ಟೆ.

ಅತ್ತೆಯ ಕೈ ನಿಂತಿತು. "ಅಂಗಾರೆ ದಿನ ಮುಂದಕ್ಕಾಕಬೌದು ಅನ್ನು. ನೀನೂ ಸಂಕ್ರಾಂತಿ ಆದ್ಮ್ಯಾಕೆ ಮಾಡ್ಕೋ!"

ಅಯ್ಯೋ ದೇವರೇ, ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು. ಆ ವರ್ಷ ಸ್ಟಾರ್ ಬೀರುವಿನ ಮೇಲೆಯೇ ಉಳಿಯಿತು. ಹಬ್ಬದ ದಿನ ಅಮ್ಮನ ಮನೆಗೆ ಹೋಗಿ ಕೇಕು ತಿಂದು ಬಂದೆ. ಎಷ್ಟು ತಿಂದರೂ ನನ್ನ ಬಾಗಿಲು ಕತ್ತಲಾಗಿದೆಯಲ್ಲ ಎಂಬ ಸಂಕಟ ಹೋಗಲಿಲ್ಲ.

ಮರುವರ್ಷ ಆಸೆ ಬಿಟ್ಟಿದ್ದೆ. ಕಾರ್ತೀಕದ ಕೊನೇ ಸೋಮವಾರ ಅತ್ತೆ ಹೊಸ್ತಿಲಿಗೆ ದೀಪವಿಟ್ಟು ಒಳಗೆ ಬಂದವರೇ, "ಆ ನಿನ್ ಸ್ಟಾರು ತತ್ತಾ, ಕಟ್ಟಾಣ" ಎಂದರು.

"ಇವತ್ತಾ? ಹಬ್ಬಕ್ಕೆ ಇನ್ನೂ ಎಷ್ಟೊಂದು ದಿನ ಇದೆ ಅತ್ತೆ!"

"ಇವತ್ತೇ ಕಟ್ಬೇಕು ಕಣೇ. ಕಾರ್ತೀಕದಾಗೆ ಕಟ್ಬುಟ್ರೆ ಧನುರ್ಮಾಸ ಬರೋ ಒತ್ಗೆ ಅದು ಅಳೇದಾಗೋಯ್ತದೆ. ಒಸದು ತಾನೆ ಬ್ಯಾಡ ಅಂದಿರೋದು?"

ನಗು ತಡೆಯಲಾಗಲಿಲ್ಲ. "ಯಾವ ಪುರೋಹಿತರು ಹೇಳಿದ್ರು?" ಎಂದು ಛೇಡಿಸಿದೆ.

"ಯಾರೂ ಯೋಳಿಲ್ಲ" ಎಂದರು ಅತ್ತೆ, ಸ್ಟೂಲನ್ನು ಬಾಗಿಲಿಗೆ ಎಳೆಯುತ್ತ. "ಓದ್ವರ್ಸ ನೀನು ಕೊಟ್ಗೇಲಿ ಕೂತ್ಕಂಡು ಅತ್ತಿದ್ದು ಕೇಳ್ಸ್‌ತು. ಆವತ್ತಿಂದ ಯೋಚ್ನೆ ಮಾಡ್ತಾನೇ ಇದ್ದೆ. ಸ್ಟೂಲ್ ಮ್ಯಾಕೆ ಅತ್ತು, ನಾನು ಇಡ್ಕಂಡಿರ್ತೀನಿ."