ಕಮಾನಿನ ಮುಂದೆ ನಿಂತ ಮನೆಗಾಡಿ

ಕ್ಯಾರವಾನ್ ಎಂಬ ಪದವನ್ನು ನಮ್ಮ ಮನೆಯಲ್ಲಿ ಸರಿಯಾಗಿ ಉಚ್ಚರಿಸುತ್ತಿದ್ದವಳು ನಾನೊಬ್ಬಳೇ. ಅಪ್ಪ ಅದನ್ನು ಮನೆಗಾಡಿ ಎನ್ನುತ್ತಿದ್ದರು. ಹಾಸಿಗೆ, ಒಲೆ, ಫ್ರಿಜ್ಜು, ಕಿಟಕಿಗೆ ಪರದೆ ಎಲ್ಲವೂ ಇದ್ದು ಎಂಜಿನ್ ಮಾತ್ರ ಇಲ್ಲದ ಗಾಡಿ ಅದು. ದೇವನಹಳ್ಳಿ ಬಳಿಯ ರೆಸಾರ್ಟೊಂದರಿಂದ ಘಾಟಿ ಕ್ಷೇತ್ರದ ಆಚೆ ಪ್ರವಾಸಿಗರು ತಂಗುವ ಕೆರೆಯ ದಡದವರೆಗೆ ಅದನ್ನು ನಮ್ಮ ಪಿಕಪ್‌ಗೆ ಕಟ್ಟಿಕೊಂಡು ಎಳೆದೊಯ್ಯುವುದು ಅಪ್ಪನ ಕೆಲಸವಾಗಿತ್ತು. ವಯಸ್ಸಾಯಿತೆಂದು ಸೋಂಪುರದ ಕಾರ್ಖಾನೆಯೊಂದು ಅವರನ್ನು ಬಸ್ಸು ಓಡಿಸುವ ಕೆಲಸದಿಂದ ಬಿಡಿಸಿದ ಮೇಲೆ ಸಿಕ್ಕಿದ್ದು ಇದೊಂದೇ. ಇನ್ನೊಂದು ಸಿಗುವುದಿಲ್ಲವೆಂಬುದು ಅವರಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ಮನೆಗಾಡಿಯ ಫ್ರಿಜ್ಜಿಗೆ ದಾರಿಯುದ್ದಕ್ಕೂ ಕರೆಂಟು ಹೋಗಬೇಕಾದದ್ದು ಪಿಕಪ್‌ನ ಬ್ಯಾಟರಿಯಿಂದ. ಎಂಜಿನ್ ಓಡುತ್ತಿದ್ದರೂ ಬ್ಯಾಟರಿಗೆ ತುಂಬುವುದಕ್ಕಿಂತ ಅದರಿಂದ ಖಾಲಿಯಾಗುವುದೇ ಹೆಚ್ಚು. ಒಮ್ಮೆ ರೈಲ್ವೆ ಗೇಟಿನಲ್ಲಿ, ಇನ್ನೊಮ್ಮೆ ಚಹಾದ ಅಂಗಡಿಯ ಮುಂದೆ ಎಂಜಿನ್ ನಿಲ್ಲಿಸಿದ ಪಿಕಪ್ ಮತ್ತೆ ಸ್ಟಾರ್ಟ್ ಆಗಿರಲಿಲ್ಲ.

"ಬ್ಯಾಟರಿ ತುಂಬ್ಸೋ ಡೈನಮೋ ಸರಿಯಾಗೇ ಐತೆ ಯಜಮಾನ್ರೇ. ಅದನ್ನ ಮಾಡಿರೋದು ಗಾಡಿಗೆ, ಮನೆಗಲ್ಲ. ಹಿಂದಿರೋ ಆ ರೂಮಿನ ವೈರಿಂಗ್ ಬದಲಾಯಿಸ್ಬೇಕು" ಎಂದಿದ್ದ ದೊಡ್ಡಬಳ್ಳಾಪುರದ ಆಟೋ ಎಲೆಕ್ಟ್ರಿಷಿಯನ್.

ರೆಸಾರ್ಟಿನ ಮ್ಯಾನೇಜರ್ ಅದನ್ನು ಒಪ್ಪಲಿಲ್ಲ. "ನಮ್ ಕ್ಯಾರವಾನ್ ಹೊಸ್ದು. ನಿಮ್ ಡಬ್ಬಾ ಗಾಡೀನ ಸರಿ ಮಾಡಿಸ್ಕೊಳ್ಳಿ. ಇನ್ನೊಂದ್ಸಲ ದಾರೀಲಿ ನಿಂತ್ರೆ ಬೇರೆಯವರನ್ನ ನೋಡ್ಕೋತೀವಿ."

ಆದ್ದರಿಂದ ಆ ಭಾನುವಾರ ನಾನೂ ಜೊತೆಗೆ ಹೊರಟೆ. ಕೆರೆ ತಲುಪುವವರೆಗೆ ಎಂಜಿನ್ ಆಫ್ ಮಾಡಬಾರದು ಎಂದು ನೆನಪಿಸುವುದಷ್ಟೇ ನನ್ನ ಕರ್ತವ್ಯ. ಫ್ರಿಜ್ಜಿನಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬದ ಕೇಕ್ ಇತ್ತು, ಫ್ರಿಜ್ಜನ್ನು ಆರಿಸುವಂತಿರಲಿಲ್ಲ. ನನ್ನನ್ನು ಕಾಡುತ್ತಿದ್ದುದು ದಾರಿಯಲ್ಲಿ ಸಿಗುವ ಘಾಟಿ ದೇವಸ್ಥಾನದ ಕಮಾನು. ಅಪ್ಪ ಅದರ ಮುಂದೆ ಎಂದೂ ಎಂಜಿನ್ ನಿಲ್ಲಿಸದೆ ಕೈಮುಗಿದವರಲ್ಲ. ಗುಡುಗುಡು ಎನ್ನುವ ಗಾಡಿಯಲ್ಲಿ ಕುಳಿತು ಕೈಮುಗಿಯುವುದೂ ಒಂದೇ, ಚಪ್ಪಲಿ ಮೆಟ್ಟಿ ಗುಡಿಯೊಳಗೆ ಹೋಗುವುದೂ ಒಂದೇ ಎಂಬುದು ಅವರ ನಂಬಿಕೆ. ಕಾರ್ಖಾನೆಯ ಬಸ್ಸು ತುಂಬ ಜನರಿದ್ದಾಗಲೂ ದಾರಿಯಲ್ಲಿ ಗುಡಿ ಕಂಡರೆ ಹಾಗೆಯೇ ಮಾಡುತ್ತಿದ್ದರಂತೆ.

"ಅಪ್ಪಾ, ಕಮಾನು ಬರ್ತಾ ಇದೆ. ಆಫ್ ಮಾಡ್ಬೇಡ."

"ಗೊತ್ತು ಕಣಮ್ಮ. ಇವತ್ತು ಹಾರನ್ನಲ್ಲೇ ನಮಸ್ಕಾರ ಹೇಳ್ಬಿಡ್ತೀನಿ."

ನಾವಿಬ್ಬರೂ ನಕ್ಕೆವು. ಕಮಾನು ಹತ್ತಿರವಾಯಿತು. ಅವರು ವೇಗ ತಗ್ಗಿಸಿ, ಹೇಳಿದಂತೆಯೇ ಹಾರನ್ ಒತ್ತಿದರು. ಅನಂತರ ಗಾಡಿಯನ್ನು ಪಕ್ಕಕ್ಕೆ ತಂದು, ಕಣ್ಣು ಮುಚ್ಚಿ, ಕೀಲಿ ತಿರುಗಿಸಿ ಕೈಮುಗಿದರು.

ಎಂಜಿನ್ನಿನ ಸದ್ದು ನಿಂತಿತು. ಹಿಂದಿನಿಂದ ಫ್ರಿಜ್ಜಿನ ಗುಂಯ್‌ಗುಡುವಿಕೆ ಮಾತ್ರ ಕೇಳಿಸುತ್ತಿತ್ತು. ಅಪ್ಪ ಕಣ್ಣು ತೆರೆದವರು ತಮ್ಮ ಬಲಗೈಯನ್ನೇ, ಅದು ಬೇರೆ ಯಾರದೋ ಎಂಬಂತೆ, ನೋಡಿದರು. ಮತ್ತೆ ಕೀಲಿ ತಿರುಗಿಸಿದಾಗ ಟಕ್ ಎಂದಿತು. ಅಷ್ಟೇ.

ಪೂಜೆ ಮುಗಿಸಿ ಬರುತ್ತಿದ್ದವರು ತಳ್ಳಲು ಸೇರಿದರು.

"ಸಂಸಾರ ಸಮೇತ ತಳ್ಬೇಕಾ ಗುರು?"

"ಒಳಗೆ ಯಾರಾದ್ರೂ ಮಲಗಿದ್ರೆ ಮೊದ್ಲು ಎಬ್ಬಿಸ್ರಪ್ಪಾ!"

ಪಿಕಪ್ ಒಂದೇ ಆಗಿದ್ದರೆ ತಳ್ಳಬಹುದಿತ್ತು. ಮನೆಗಾಡಿಯ ಭಾರಕ್ಕೆ ಅದು ಜಗ್ಗಲಿಲ್ಲ. ಎರಡನ್ನೂ ಬೇರ್ಪಡಿಸೋಣವೆಂದರೆ ನಡುವಿನ ಕೊಂಡಿಗೆ ಬೀಗ. ಕಳವಾಗದಿರಲೆಂದು ಅದರ ಕೀಲಿಯನ್ನು ಮ್ಯಾನೇಜರ್ ತಾವೇ ಇಟ್ಟುಕೊಂಡಿದ್ದರು. ಬೇರೆ ಬ್ಯಾಟರಿಯಿಂದ ಕರೆಂಟು ಕೊಡೋಣವೆಂದರೆ ಅದಕ್ಕೆ ಬೇಕಾದ ಕೇಬಲ್ ಅಲ್ಲಿ ಯಾರ ಬಳಿಯೂ ಇರಲಿಲ್ಲ.

"ನೀನು ಓದಿದೋಳು, ನೀನೇ ಮಾತಾಡಮ್ಮ" ಎಂದು ಅಪ್ಪ ಫೋನು ಕೊಟ್ಟರು. ನಾನು ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸಿಕೊಂಡು, ವೈರಿಂಗಿನ ಲೋಪವನ್ನು ಆದಿಯಿಂದ ಅಂತ್ಯದವರೆಗೆ ಮ್ಯಾನೇಜರಿಗೆ ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಚೆನ್ನಾಗಿ ಮಾತಾಡ್ತೀರಮ್ಮ" ಎಂದರು ಕೊನೆಗೆ. "ಬೇರೆ ಗಾಡಿ ಕಳಿಸ್ತಿದೀನಿ. ನಿಮ್ಮಪ್ಪಂಗೆ ಇನ್ಮೇಲೆ ಬರೋದು ಬೇಡ ಅಂತ ಹೇಳಿ."

ನಾನು ಹೇಳಬೇಕಾಗಲಿಲ್ಲ. ಅಪ್ಪ ನನ್ನ ಮುಖ ನೋಡಿ, ಇಳಿದು ಹೋಗಿ ಫ್ರಿಜ್ಜಿನ ವೈರು ಕಿತ್ತರು.

ಬಂದ ಗಾಡಿ ನಮ್ಮದಕ್ಕಿಂತ ದೊಡ್ಡದು. ಅದರ ಚಾಲಕ ಬೀಗ ತೆಗೆದು, ಮನೆಗಾಡಿಯನ್ನು ತನ್ನದಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ. ಹೋಗುವಾಗ ಅವನೂ ಕಮಾನಿಗೆ ಹಾರನ್ ಹೊಡೆದ, ನಿಲ್ಲಿಸಲಿಲ್ಲ.

ಉಳಿದಿದ್ದ ನಾಲ್ಕು ಜನ ನಮ್ಮ ಪಿಕಪ್‌ಗೆ ಕೈ ಕೊಟ್ಟರು. ಹಿಂದೆ ಭಾರವಿಲ್ಲದ್ದರಿಂದ ಅದು ಒಂದೇ ನೂಕಿಗೆ ಉರುಳಿ, ಸ್ಟಾರ್ಟ್ ಆಗಿಯೇಬಿಟ್ಟಿತು. "ನೋಡಿ, ಎಷ್ಟು ಚೆನ್ನಾಗೈತೆ ಗಾಡಿ!" ಎಂದು ಒಬ್ಬ ಬಾನೆಟ್ಟಿಗೆ ತಟ್ಟಿದ.

ಅಪ್ಪ ಕಮಾನಿನ ಕಡೆಗೆ ತಿರುಗಿದರು. ಎಂಜಿನ್ ನಿಲ್ಲಿಸುವಂತಿರಲಿಲ್ಲ. ಅದು ಗುಡುಗುತ್ತಿರುವಾಗಲೇ ಕೈಮುಗಿಯಲು ಎರಡೂ ಕೈ ಅರ್ಧದವರೆಗೆ ಎತ್ತಿ, ಹಾಗೆಯೇ ಇಳಿಸಿ ಸ್ಟೇರಿಂಗ್ ಹಿಡಿದುಕೊಂಡರು.

"ಎಲ್ಲಿಗೆ ಹೋಗೋಣಮ್ಮ?" ಎಂದು ಕೇಳಿದರು. ಮನೆಗೆ ಹೋಗುವ ದಾರಿ ಒಂದೇ ಇತ್ತು.